ಹಸ್ತಾ ಮಳೆಗೆ ಬೇರು, ಬೇಸಿಗೆಗೆ ನಿದ್ದೆ

ಹಸ್ತಾ ಮಳೆ ಹಿಡಿದಿದೆ. ಮನೆ ಮುಂದೆ ಹುಲ್ಲುಹಾಸು ಇಟ್ಟುಕೊಂಡವರು ವರ್ಷದಲ್ಲಿ ಮನಸ್ಸಿಟ್ಟು ದುಡಿಯಬೇಕಾದ ವಾರಗಳು ಇವೇ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಕಡೆ ವರ್ಷಕ್ಕೆ ಬೀಳುವ 700 ಮಿ.ಮೀ. ಆಸುಪಾಸಿನ ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳದು. ನೆಲ ಆಳದವರೆಗೆ ನೆನೆದಿದೆ, ಚಳಿ ಇನ್ನೂ ಬಂದಿಲ್ಲ. ಹುಲ್ಲು ಬೇರು ಇಳಿಸುವುದು ಈಗ. ಮಾರ್ಚಿಯಲ್ಲಿ ಹಾಸು ಒಣಗಿತೆಂದು ಪೈಪು ಹಿಡಿದು ನಿಲ್ಲುವವರನ್ನು ಪ್ರತಿ ಬಡಾವಣೆಯಲ್ಲೂ ನೋಡುತ್ತೇನೆ. ಅವರ ಮಾರ್ಚಿಯ ಕಷ್ಟ ಹಿಂದಿನ ಅಕ್ಟೋಬರ್‌ನಲ್ಲೇ ಶುರುವಾಗಿರುತ್ತದೆ.

ಮೊದಲು ಹುಲ್ಲಿನ ಜಾತಿ. ನರ್ಸರಿಯವರು ಚಾಪೆಯಂತೆ ಕತ್ತರಿಸಿ ಕೊಡುವ ಮೆಕ್ಸಿಕನ್ ಹುಲ್ಲು ನೋಡಲು ಚೆಂದ, ದಟ್ಟ, ಅರೆನೆರಳನ್ನೂ ತಡೆದುಕೊಳ್ಳುತ್ತದೆ. ಆದರೆ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿರುವ ಈ ಸೀಮೆಗೆ ನನ್ನ ಓಟು ಗರಿಕೆಗೆ. ರಾಗಿ ಹೊಲದಲ್ಲಿ ರೈತನನ್ನು ಗೋಳು ಹುಯ್ದುಕೊಳ್ಳುವ ಅದೇ ಗರಿಕೆ. ಕಿತ್ತಷ್ಟೂ ಚಿಗುರುವ ಅದರ ಹಟ ಹೊಲದಲ್ಲಿ ಪೀಡೆ, ಅಂಗಳದಲ್ಲಿ ವರ. ನಮ್ಮ ಕೆಂಪು ಮಣ್ಣು ಸಡಿಲವಾಗಿದ್ದರೆ ಬೇರು ಮೂರಡಿಗೂ ಇಳಿಯುತ್ತದೆ. ಒಂದೇ ಷರತ್ತು ಬಿಸಿಲು. ಹೊಂಗೆ, ಮಾವಿನ ನೆರಳಲ್ಲಿ ಅದು ತೆಳ್ಳಗಾಗಿ ಸಾಯುತ್ತದೆ. ಅಂಥ ಕಡೆ ಹುಲ್ಲಿನ ಆಸೆ ಬಿಟ್ಟು ಕಲ್ಲು ಹಾಸಿ ಕೂತುಕೊಳ್ಳುವುದು ಮೇಲು. ಗರಿಕೆಯಿಂದ ಇನ್ನೊಂದು ಲಾಭವಿದೆ: ಗಣೇಶನ ಹಬ್ಬದ ಬೆಳಗ್ಗೆ ಸಂತೆಯಲ್ಲಿ ಬಾಡಿದ ಗರಿಕೆ ಕಟ್ಟಿಗೆ ಕೈ ಒಡ್ಡಬೇಕಿಲ್ಲ.

ಈ ವಾರದ ಕೆಲಸ ಗೊಬ್ಬರ. ಲೆಕ್ಕಕ್ಕೆ ಒಂದು ಗುಂಟೆ ಇಟ್ಟುಕೊಳ್ಳಿ, ಅಂದರೆ 1,089 ಚದರಡಿ, ಸುಮಾರು 100 ಚದರ ಮೀಟರ್. ಇದಕ್ಕೆ ಒಂದು ಸಲಕ್ಕೆ ಒಂದು ಕಿಲೋ ಯೂರಿಯಾ ಮೀರಬಾರದು. ಎಲೆ ಒಣಗಿದ್ದಾಗ ಚೆಲ್ಲಿ ಕೂಡಲೇ ನೀರು ಬಿಡಬೇಕು, ಇಲ್ಲವೇ ಮಳೆ ಬರುವ ಮುಂಚೆ ಚೆಲ್ಲಬೇಕು. ಒದ್ದೆ ಎಲೆಗೆ ಅಂಟಿದ ಹರಳು ಅಲ್ಲೇ ಸುಡುತ್ತದೆ. ನನಗೆ ಅದಕ್ಕಿಂತ ಹೊಂಗೆ ಹಿಂಡಿ ಇಷ್ಟ. ಅದರ ಸಾರಜನಕ ನಿಧಾನಕ್ಕೆ ಬಿಡುಗಡೆಯಾಗುತ್ತದೆ; ಹುಲ್ಲು ಮೇಲೆ ಹಾರದೆ ಕೆಳಗೆ ಬೇರೂರುತ್ತದೆ. ರೇಷ್ಮೆ ಸಾಕುವ ನೆಂಟರಿದ್ದರೆ ಹುಳುಮನೆಯ ಹಿಕ್ಕೆ ಮತ್ತು ತಿಂದುಳಿದ ಸೊಪ್ಪಿನ ಕಸವನ್ನು ಚೆನ್ನಾಗಿ ಕೊಳೆಸಿ, ಜರಡಿ ಹಿಡಿದು, ತೆಳ್ಳಗೆ ಹರಡಿ. ಹಸಿ ತಿಪ್ಪೆ ಗೊಬ್ಬರ ಮಾತ್ರ ಬೇಡ. ಅದರ ಜತೆ ಊರಿನ ಕಳೆ ಬೀಜವೆಲ್ಲ ಅಂಗಳಕ್ಕೆ ಬರುತ್ತದೆ. ಕೆರೆ ಗೋಡು ಒಳ್ಳೆಯದೇ, ಆದರೆ ಅದನ್ನು ಮೇಲೆ ಪದರವಾಗಿ ಸುರಿದರೆ ಅಂಟು ಗಟ್ಟಿಯಾಗಿ ಮಳೆ ನೀರು ಇಳಿಯುವುದಿಲ್ಲ. ಹುಲ್ಲು ನೆಡುವ ಮುಂಚೆಯೇ ಕೆಂಪು ಮಣ್ಣಿಗೆ ಬೆರೆಸಬೇಕು.

ಜೇಕು ಕಳೆ ಕೀಳುವುದಕ್ಕೂ ಈಗಲೇ ಹದ. ಕತ್ತರಿಸಿದರೆ ಅದಕ್ಕೆ ಏನೂ ಆಗದು. ಮಣ್ಣೊಳಗೆ ಗಡ್ಡೆಗೆ ಗಡ್ಡೆ ಪೋಣಿಸಿಕೊಂಡಿರುತ್ತದೆ. ನೆಲ ನೆಂದಿರುವಾಗ ಗಡ್ಡೆ ಸಮೇತ ಕಿತ್ತು, ಎರಡು ಮೂರು ವಾರಕ್ಕೊಮ್ಮೆ ಮತ್ತೆ ಅದೇ ಜಾಗಕ್ಕೆ ಕೂರಬೇಕು. ಎಲ್ಲವನ್ನೂ ಕೊಲ್ಲುವ ಗ್ಲೈಫೋಸೇಟ್ ಹೊಡೆದರೆ ಗರಿಕೆಯೂ ಹೋಗುತ್ತದೆ, ಖಾಲಿ ಜಾಗದಲ್ಲಿ ಜೇಕೇ ಮೊದಲು ಏಳುತ್ತದೆ.

ಕತ್ತರಿಸುವಾಗ ಇರುವ ಎತ್ತರದ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಒಂದೂವರೆ ಇಂಚು ಉಳಿಸಿ. ಹೊಲದ ಬದು ಸವರುವ ಬ್ರಷ್ ಕಟರ್ ತಂದು ಅಂಗಳಕ್ಕೆ ಬಿಡುವುದು ಈಗ ಎಲ್ಲೆಡೆ ಕಾಣುತ್ತಿದೆ. ಅದು ಹಸಿರನ್ನು ಬೋಳಿಸಿ ಕಂದು ಕಾಂಡವನ್ನು ಬಿಸಿಲಿಗೆ ಬಿಡುತ್ತದೆ. ಸಣ್ಣ ಜಾಗಕ್ಕೆ ಕೈಯಲ್ಲಿ ತಳ್ಳುವ ಉರುಳೆ ಮೆಷಿನ್ ಸಾಕು, ಅಲಗು ಚೂಪಾಗಿರಲಿ. ಮೊಂಡ ಅಲಗು ತುದಿಯನ್ನು ಹರಿಯುತ್ತದೆ. ಮರುದಿನ ಹಾಸೆಲ್ಲ ಬಿಳಿಚಿಕೊಂಡಿರುತ್ತದೆ.

ಡಿಸೆಂಬರ್, ಜನವರಿಯಲ್ಲಿ ನಂದಿಬೆಟ್ಟದ ಬುಡದ ಚಿಕ್ಕಬಳ್ಳಾಪುರಕ್ಕೂ ತಗ್ಗಿನಲ್ಲಿರುವ ಗೌರಿಬಿದನೂರಿಗೂ ಒಂದೇ ಪಾಠ ಹೊಂದುವುದಿಲ್ಲ. ಬೆಟ್ಟದ ಕಡೆ ಮಂಜು, ಇಬ್ಬನಿ ಹೊತ್ತೇರುವವರೆಗೂ ನಿಲ್ಲುತ್ತದೆ. ಅಲ್ಲಿ ಸಂಜೆ ನೀರು ಬಿಟ್ಟರೆ ಇಡೀ ರಾತ್ರಿ ಎಲೆ ಒದ್ದೆಯಾಗಿದ್ದು ಬೂಷ್ಟು ರೋಗ ಬರುತ್ತದೆ, ದುಂಡಗೆ ಹುಲ್ಲು ಒಣಗುತ್ತದೆ. ನೀರು ಬೆಳಗ್ಗೆಯೇ ಆಗಬೇಕು. ಗೌರಿಬಿದನೂರಿನಲ್ಲಿ ಈ ಕಾಟ ಕಡಿಮೆ, ಆದರೆ ಬೇಸಿಗೆ ಬೇಗ ಬಾಗಿಲು ಬಡಿಯುತ್ತದೆ. ಎರಡೂ ಕಡೆ ಚಳಿಯಲ್ಲಿ ಹುಲ್ಲು ನಿಧಾನವಾಗುತ್ತದೆ, ಆಗ ಗೊಬ್ಬರ ಹಾಕಿ ಎಬ್ಬಿಸಬೇಡಿ.

ಚಳಿಯಲ್ಲದೆಯೂ ಎಲೆ ಹಳದಿ ತಿರುಗಿ, ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಗಡಸು ಬೋರ್ ನೀರನ್ನು ವರ್ಷಗಟ್ಟಲೆ ಬಿಟ್ಟ ನೆಲದಲ್ಲಿ ಇದು ಸಾಮಾನ್ಯ. ಮಣ್ಣಿನ ಕ್ಷಾರ ಏರಿ ಕಬ್ಬಿಣ ಇದ್ದೂ ಬೇರಿಗೆ ಸಿಗದಂತಾಗಿರುತ್ತದೆ. ಲೀಟರಿಗೆ ಐದು ಗ್ರಾಂ ಅನ್ನಭೇದಿ ಕರಗಿಸಿ, ಬಿಸಿಲಿಳಿದ ಮೇಲೆ ಎಲೆಗೆ ಸಿಂಪಡಿಸಿದರೆ ಕೆಲವೇ ದಿನಕ್ಕೆ ಬಣ್ಣ ಮರಳುತ್ತದೆ. ನೆಲಗಲ್ಲಿಗೆ ತಾಗದಿರಲಿ, ತುಕ್ಕಿನ ಕಲೆ ಹೋಗದು. ಫ್ಲೋರೈಡ್ ಕಾರಣಕ್ಕೆ ಮನೆಮನೆಗೂ ಬಂದಿರುವ ಆರ್‌ಒ ಯಂತ್ರ ಹೊರಹಾಕುವ ನೀರನ್ನು ದಿನವೂ ಹುಲ್ಲಿಗೆ ಸುರಿಯುವವರಿದ್ದಾರೆ. ಉಪ್ಪೆಲ್ಲ ಸೇರಿರುವುದು ಆ ನೀರಿನಲ್ಲೇ. ಸ್ನಾನದ ನೀರು ಅದಕ್ಕಿಂತ ಎಷ್ಟೋ ವಾಸಿ.

ಇನ್ನು ಬೇಸಿಗೆ. ಮಾರ್ಚಿಯಿಂದ ಒಂದು ಗುಂಟೆ ಹಾಸನ್ನು ಪೂರ್ತಿ ಹಸಿರಾಗಿಡಲು ವಾರಕ್ಕೆ ಒಂದಿಂಚು ನೀರು ಬೇಕು. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಎಂದರೆ ಒಂದು ಲೀಟರ್, ಹಾಗಾಗಿ ಇದು ವಾರಕ್ಕೆ 2,500 ಲೀಟರ್. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ಕೊಳವೆಯಲ್ಲಿ ತಂದು ಕಂದವಾರ ಕೆರೆ ತುಂಬಿಸಬೇಕಾಗಿ ಬಂದ ಜಿಲ್ಲೆ ನಮ್ಮದು. ಇಲ್ಲಿ ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸಿ ಹುಲ್ಲಿಗೆ ಬಿಡುವುದು ತಪ್ಪು ಎಂದೇ ನನ್ನ ನಂಬಿಕೆ. ಅದರ ಅಗತ್ಯವೂ ಇಲ್ಲ. ನೀರು ಸಾಲದಾದಾಗ ಗರಿಕೆ ಎಲೆಯನ್ನು ಒಣಗಿಸಿಕೊಂಡು ಗೆಣ್ಣು, ಬೇರುಗಳಲ್ಲಿ ಜೀವ ಹಿಡಿದು ಮಲಗುತ್ತದೆ. ಹಾಸೆಲ್ಲ ಕಂದಾಗಿ ಕಂಡರೂ ಒಂದು ಬಳ್ಳಿ ಎಳೆದು ಗೆಣ್ಣು ಮುರಿದು ನೋಡಿ. ಒಳಗೆ ಬಿಳುಪಾಗಿ ಗಟ್ಟಿಯಾಗಿದ್ದರೆ ಅದು ಬದುಕಿದೆ. ಮೂರು ನಾಲ್ಕು ವಾರಕ್ಕೊಮ್ಮೆ ಅರ್ಧ ಇಂಚು, ಗುಂಟೆಗೆ ಸುಮಾರು 1,200 ಲೀಟರ್, ಒಂದೇ ಸಲ ಆಳಕ್ಕೆ ಬಿಟ್ಟರೆ ಸಾಕು. ದಿನಾ ಸಂಜೆ ಮೇಲೆ ಮೇಲೆ ಚಿಮುಕಿಸುವುದು ಬೇರನ್ನು ಮೇಲಕ್ಕೆ ಕರೆಯುತ್ತದೆ. ಮೇಲೆ ಬಂದ ಬೇರು ಬಿಸಿಲಿಗೆ ಸಿಕ್ಕಿ ಸುಟ್ಟುಹೋಗುತ್ತದೆ. ಮಲಗಿದ ಹುಲ್ಲಿನ ಮೇಲೆ ಓಡಾಟ ಬೇಡ, ಕತ್ತರಿಸುವುದೂ ಬೇಡ. ಹಸಿರು ಬೇಕೇ ಬೇಕೆನ್ನುವವರು ಹಾಸನ್ನು ಚಿಕ್ಕದು ಮಾಡಿಕೊಳ್ಳಲಿ: ಮನೆಯ ಸ್ನಾನದ ನೀರಿಗೆ ಎಷ್ಟು ಸಾಕೋ ಅಷ್ಟು.

ಭರಣಿ, ಕೃತ್ತಿಕೆಯಲ್ಲಿ ಒಂದೆರಡು ಜೋರು ಮಳೆ ಬಿದ್ದರೆ ವಾರದೊಳಗೆ ಕಂದು ಹಾಸಿನಿಂದ ಹಸಿರು ಸೂಜಿಗಳು ಏಳುತ್ತವೆ. ಅದೇ ಮಳೆಗೆ ಮಣ್ಣಿನಿಂದ ದುಂಬಿಗಳೂ ಏಳುತ್ತವೆ, ರಾತ್ರಿ ಬೇವಿನ ಎಲೆ ತಿಂದು ಮಣ್ಣಲ್ಲಿ ಮೊಟ್ಟೆ ಇಡುತ್ತವೆ. ಆಗಸ್ಟ್ ಹೊತ್ತಿಗೆ ಅವುಗಳ ಗೊಣ್ಣೆ ಹುಳು ಬೇರು ಕಡಿದು, ಹಾಸು ಚಾಪೆ ಎತ್ತಿದಂತೆ ಕೈಗೆ ಬರುತ್ತದೆ. ಅಂಗಡಿಯವರು ಹರಳು ವಿಷ ಕೊಡುತ್ತಾರೆ, ಕ್ಲೋರ್‌ಪೈರಿಫಾಸ್ ಸುರಿಯಲು ಹೇಳುತ್ತಾರೆ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಓದುಗರಲ್ಲಿ ನನ್ನ ಕೋರಿಕೆ: ಆ ವಿಷಗಳನ್ನು ಮುಟ್ಟಬೇಡಿ. ಕಾಂಪೌಂಡಿನ ಆಚೆ ಹಿಪ್ಪುನೇರಳೆ ತೋಟವಿರುತ್ತದೆ. ಗಾಳಿಯಲ್ಲಿ ತೇಲಿ ಹೋದ ಚೂರು ವಿಷ ಸೊಪ್ಪಿಗೆ ಅಂಟಿದರೆ ಸಾಕು, ಯಾರದೋ ಮನೆಯ ಒಂದು ಬೆಳೆ ರೇಷ್ಮೆ ಹುಳು ಹೋಗುತ್ತದೆ, ಅದರಲ್ಲೂ ಎಳೆಯ ಚಾಕಿ ಹುಳು. ಬದಲಿಗೆ ಮೊದಲ ಮಳೆಯ ಸಂಜೆಗಳಲ್ಲಿ ಬೇವಿನ ಮರದ ಕೊಂಬೆ ಅಲುಗಿಸಿ, ಬಿದ್ದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ. ಬೀದಿಯವರೆಲ್ಲ ಸೇರಿ ಮಾಡಿದರೆ ಇದರ ಫಲ ಹೆಚ್ಚು. ಮಣ್ಣಿಗೆ ಬೇವಿನ ಹಿಂಡಿ ಸೇರಿಸಿ. ಹುಳು ತಿನ್ನುವ ಮೆಟಾರೈಜಿಯಂ ಶಿಲೀಂಧ್ರದ ಬಗ್ಗೆ ಚಿಂತಾಮಣಿ ಬಳಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಅದು ರೇಷ್ಮೆ ಹುಳುವಿಗೂ ರೋಗ ತರಬಲ್ಲ ಜಾತಿಯದು, ಆದ್ದರಿಂದ ಹುಳುಮನೆಯಿಂದ ಎಷ್ಟು ದೂರದಲ್ಲಿ, ಹೇಗೆ ಬಳಸಬೇಕೆಂದು ಮೊದಲೇ ವಿಚಾರಿಸಿಕೊಳ್ಳಿ.