ಹೊಳಪೊಂದೇ ಗುಣವಲ್ಲ: ಕಾರಿನ ಲಾಂಛನಕ್ಕೆ ಮೆರುಗಿನ ಆಯ್ಕೆ

ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ 50ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ, ಕೂಡ್ಲಿಗಿಯ ಬಳಿ ಓಡಾಡುವ ವಾಹನಗಳನ್ನು ನೀವು ಗಮನಿಸಿರಬಹುದು. ಕಂಪನಿಯ ಲಾಂಛನದ ಜೊತೆಗೆ ಮಾಲೀಕರು ತಾವೇ ಬರೆಸಿದ ಹೆಸರುಗಳೂ ಕಾಣುತ್ತವೆ. ಮನೆದೇವರ ಹೆಸರು, ಮಕ್ಕಳ ಹೆಸರು, ಊರಿನ ಹೆಸರು. ಸ್ಟಿಕ್ಕರಿನಿಂದ ತೃಪ್ತರಾಗದವರು ಉಬ್ಬು ಅಕ್ಷರದ ಲಾಂಛನವನ್ನೇ ಮಾಡಿಸುತ್ತಾರೆ. ಬಿಡಿಭಾಗದ ಅಂಗಡಿಯವರ ಮಾತಿನಲ್ಲಿ ಇದು 'ಮೋನೋಗ್ರಾಂ'. ಹೆಸರು ನಿಶ್ಚಯವಾದ ಮೇಲೆ ಉಳಿಯುವ ಪ್ರಶ್ನೆ ಒಂದೇ: ಕ್ರೋಮ್ ಇರಲೋ, ಗೋಲ್ಡ್ ಇರಲೋ?

ಈ ಪ್ರಶ್ನೆಯೇ ಅಪೂರ್ಣ ಎಂಬುದು ನನ್ನ ಆಕ್ಷೇಪಣೆ. ಎರಡೂ ಕನ್ನಡಿಯಂತೆ ಹೊಳೆಯುವ ಮೆರುಗುಗಳೇ. ವ್ಯತ್ಯಾಸ ಬಣ್ಣದಲ್ಲಿ ಮಾತ್ರ. ಲಾಂಛನದ ಮೆರುಗನ್ನು ಮೂರು ಒರೆಗಲ್ಲುಗಳ ಮೇಲೆ ತಿಕ್ಕಿ ನೋಡಬೇಕು. ಅಕ್ಷರ ಓದಲು ಬರುತ್ತದೆಯೇ? ಊರಿನ ಬಿಸಿಲು, ದೂಳನ್ನು ತಾಳುತ್ತದೆಯೇ? ಅದನ್ನು ತಯಾರಿಸುವವರಿಗೆ, ಅವರು ಕುಡಿಯುವ ನೀರಿಗೆ ಕೆಡುಕಾಗುವುದಿಲ್ಲವೇ?

ಕನ್ನಡಿ ಓದಿಸುವುದಿಲ್ಲ

ನಯಗೊಳಿಸಿದ ಕ್ರೋಮಿಯಂ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇ. 65ರಷ್ಟನ್ನು ಪ್ರತಿಫಲಿಸುತ್ತದೆ. ಆದರೆ ಈ ಬೆಳಕೆಲ್ಲ ಒಂದೇ ದಿಕ್ಕಿಗೆ ಹೋಗುತ್ತದೆ. ನೋಡುವವರ ಕಣ್ಣು ಆ ದಿಕ್ಕಿನಲ್ಲಿದ್ದರೆ ಕಣ್ಣು ಕೋರೈಸುತ್ತದೆ. ಇಲ್ಲದಿದ್ದರೆ ಲೋಹದಲ್ಲಿ ಕಾಣುವುದು ಆಕಾಶದ ಅಥವಾ ರಸ್ತೆಯ ಪ್ರತಿಬಿಂಬ. ಬಿಳಿ ಕಾರಿನ ಮೇಲಿನ ಕ್ರೋಮ್ ಅಕ್ಷರ ಬಿಳಿ ಆಕಾಶವನ್ನು ಪ್ರತಿಬಿಂಬಿಸಿದಾಗ ಅಕ್ಷರ ಯಾವುದು, ಹಿನ್ನೆಲೆ ಯಾವುದು? ಓದಲು ಬೇಕಾದದ್ದು ಹೊಳಪಲ್ಲ, ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ವ್ಯತ್ಯಾಸ.

ಮೇಲ್ಮೈಯ ಏರುಪೇರುಗಳು ಬೆಳಕಿನ ತರಂಗದೂರಕ್ಕಿಂತ, ಅಂದರೆ 0.4ರಿಂದ 0.7 ಮೈಕ್ರೋಮೀಟರಿಗಿಂತ, ಬಹಳ ಚಿಕ್ಕದಾಗಿದ್ದರೆ ಅದು ಕನ್ನಡಿ. ದೊಡ್ಡದಾದರೆ ಬೆಳಕು ಚದುರಿ, ಯಾವ ಕೋನದಿಂದ ನೋಡಿದರೂ ಹೆಚ್ಚುಕಡಿಮೆ ಒಂದೇ ತೆರನಾಗಿ ಕಾಣುತ್ತದೆ. ಮೇಲ್ಮೈ ನೋಟವನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ಕೊಟ್ಟೂರಿನ ಬಳಿಯ ಉಜ್ಜಿನಿಯಲ್ಲೇ ನಿದರ್ಶನವಿದೆ. ಅಲ್ಲಿನ ಮರುಳಸಿದ್ಧೇಶ್ವರ ದೇವಾಲಯದ ಶಿಖರಕ್ಕೆ ವರ್ಷಕ್ಕೊಮ್ಮೆ ಎಣ್ಣೆ ಎರೆಯುತ್ತಾರೆ. ಎಣ್ಣೆ ಹೀರಿದ ಕಲ್ಲು ಕಪ್ಪಾಗಿ ಕಾಣುತ್ತದೆ. ಎಣ್ಣೆಯ ವಕ್ರೀಭವನಾಂಕ ಕಲ್ಲಿನ ಖನಿಜಗಳ ವಕ್ರೀಭವನಾಂಕಕ್ಕೆ ಹತ್ತಿರವಿರುವುದರಿಂದ, ಚದುರಿ ಹಿಂದಿರುಗಬೇಕಾದ ಬೆಳಕು ಒಳಗೆ ಇಳಿದು ಹೀರಿಹೋಗುತ್ತದೆ. ಕಲ್ಲು ಅದೇ, ಬದಲಾದದ್ದು ಮೇಲ್ಮೈ.

ಈ ತತ್ತ್ವವನ್ನು ಕೈಕಸುಬಿನಲ್ಲಿ ಮೆರೆಸಿದವರು ಬೀದರಿನ ಕುಶಲಕರ್ಮಿಗಳು. ಬಿದ್ರಿ ಪಾತ್ರೆಯ ಮೈ ಸತುವಿಗೆ ತುಸು ತಾಮ್ರ ಬೆರೆಸಿದ ಮಿಶ್ರಲೋಹ. ಅದರೊಳಗೆ ಕೂರಿಸಿದ್ದು ಬೆಳ್ಳಿ. ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ದ್ರಾವಣ ತಗುಲಿದಾಗ ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಇಡೀ ಪಾತ್ರೆ ಹೊಳೆದಿದ್ದರೆ ಬಳ್ಳಿಯ ಚಿತ್ತಾರ ಕಾಣುತ್ತಲೇ ಇರಲಿಲ್ಲ. ಸರ್ಕಾರದ ಅತಿಸುರಕ್ಷಿತ ನೋಂದಣಿ ಫಲಕದಲ್ಲೂ ಇದೇ ವಿವೇಕವಿದೆ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಕಡ್ಡಾಯವಾದ ಈ ಅಲ್ಯೂಮಿನಿಯಂ ಫಲಕದಲ್ಲಿ ಕ್ರೋಮಿಯಂ ಹೊಳಪಿಗೆ ದೊರೆತಿರುವುದು ಅಶೋಕ ಚಕ್ರದ ಹಾಲೊಗ್ರಾಂ ಇರುವ 20 ಮಿಲಿಮೀಟರ್ ಚೌಕ ಮಾತ್ರ. ಖಾಸಗಿ ಕಾರಿನ ಸಂಖ್ಯೆಗಳು ಬಿಳಿಯ ಮೇಲೆ ಕಪ್ಪು.

ಒತ್ತಕ್ಷರದ ಸಂದಿಯಲ್ಲಿ

ಕ್ರೋಮ್ ಲೇಪನಕ್ಕೆ ಕನ್ನಡ ಲಿಪಿಯಿಂದ ಇನ್ನೊಂದು ತೊಡಕು ಬರುತ್ತದೆ. ವಿದ್ಯುಲ್ಲೇಪನದಲ್ಲಿ ವಿದ್ಯುತ್ ಪ್ರವಾಹ ಚೂಪಾದ ಅಂಚುಗಳಲ್ಲಿ ದಟ್ಟವಾಗಿಯೂ ತಗ್ಗುಗಳಲ್ಲಿ ವಿರಳವಾಗಿಯೂ ಇರುತ್ತದೆ. ತಗ್ಗುಗಳನ್ನು ತಲುಪುವುದರಲ್ಲಿ ಕ್ರೋಮಿಯಂ ದ್ರಾವಣ ಬೇರೆ ಲೋಹಗಳ ದ್ರಾವಣಗಳಿಗಿಂತ ಬಹಳ ಹಿಂದೆ. 'ಕೊಟ್ಟೂರೇಶ್ವರ' ಎಂಬ ಹೆಸರನ್ನೇ ತೆಗೆದುಕೊಳ್ಳಿ. ಎರಡು ಒತ್ತಕ್ಷರಗಳು, ಸುತ್ತಿ ಬರುವ ದೀರ್ಘಗಳು, ನಡುವೆ ಇಕ್ಕಟ್ಟಾದ ಸಂದಿಗಳು. ಇಂಗ್ಲಿಷಿನ ದಪ್ಪಕ್ಷರಕ್ಕೆ ಒಪ್ಪುವ ಲೇಪನ ಇಲ್ಲಿ ಸಂದಿಗಳಲ್ಲಿ ಮಂಕಾಗಿ, ಅಂಚಿನಲ್ಲಿ ಸುಟ್ಟಂತೆ ಬೂದಾಗಬಹುದು. ಅಕ್ಷರದ ಅಂಚನ್ನು ದುಂಡಗೆ ಮಾಡಿ, ಸಂದಿಯನ್ನು ಅಗಲಿಸಿ ವಿನ್ಯಾಸ ಮಾಡಿದರೆ ಈ ದೋಷ ತಗ್ಗುತ್ತದೆ. ಆದರೆ ಸಿದ್ಧ ಫಾಂಟನ್ನು ಹಾಗೆಯೇ ಅಚ್ಚಿಗೆ ಹಾಕುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಬಿಸಿಲು ಮತ್ತು ದೂಳು

ಕರಾವಳಿಯಲ್ಲಿ ಲೋಹದ ಶತ್ರು ಉಪ್ಪಿನ ಗಾಳಿ. ಕೂಡ್ಲಿಗಿಯ ಒಣ ಸೀಮೆಯಲ್ಲಿ ಶತ್ರುಗಳು ಬೇರೆ: ಬಿಸಿಲು, ನೇರಳಾತೀತ ಕಿರಣ ಮತ್ತು ದೂಳು.

ಕಾರಿನ 'ಕ್ರೋಮ್' ಲಾಂಛನ ಸಾಮಾನ್ಯವಾಗಿ ಎಬಿಎಸ್ ಪ್ಲಾಸ್ಟಿಕ್. ಅದರ ಮೇಲೆ ತಾಮ್ರ, ನಿಕಲ್, ಕೊನೆಗೆ ಸುಮಾರು 0.25 ಮೈಕ್ರೋಮೀಟರ್ ಕ್ರೋಮಿಯಂ. ಇದು ತಲೆಗೂದಲಿನ ದಪ್ಪದ ಮುನ್ನೂರರಲ್ಲಿ ಒಂದು ಭಾಗದಷ್ಟು. ಬೇಸಿಗೆಯಲ್ಲಿ ಬಿಸಿಲಲ್ಲಿ ನಿಂತ ಕಾರಿನ ಲಾಂಛನ ರಾತ್ರಿಗಿಂತ 40 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾಯಿತೆನ್ನಿ. 10 ಸೆಂಟಿಮೀಟರ್ ಉದ್ದದ ಪ್ಲಾಸ್ಟಿಕ್ ತಾನಾಗಿ ಹಿಗ್ಗಬಯಸುವುದು ಸುಮಾರು 0.32 ಮಿಲಿಮೀಟರ್, ಮೇಲಿನ ನಿಕಲ್ ಹಿಗ್ಗುವುದು ಸುಮಾರು 0.05 ಮಿಲಿಮೀಟರ್. ಆರು ಪಟ್ಟು ವ್ಯತ್ಯಾಸದ ಈ ಜಗ್ಗಾಟ ಪ್ರತಿದಿನ ನಡೆಯುತ್ತದೆ. ಅಂಟು ದುರ್ಬಲವಾಗಿರುವ ಕಡೆ ಲೇಪನ ಉಬ್ಬುತ್ತದೆ, ನಂತರ ಸುಲಿಯುತ್ತದೆ.

ಹೊಳೆಯುವ ವಸ್ತು ತಂಪಾಗಿರುತ್ತದೆ ಎಂಬ ನಂಬಿಕೆಯೂ ಇಲ್ಲಿ ನಿಲ್ಲದು. ಬಿಳಿ ಬಣ್ಣ ಬಿಸಿಲಿನ ಸುಮಾರು ಕಾಲುಭಾಗವನ್ನು ಹೀರುತ್ತದೆ, ಮತ್ತು ಶಾಖವನ್ನು ವಿಕಿರಣವಾಗಿ ಚೆನ್ನಾಗಿ ಹೊರಸೂಸುತ್ತದೆ. ನಯವಾದ ಕ್ರೋಮಿಯಂ ಸುಮಾರು ಹತ್ತರಲ್ಲಿ ನಾಲ್ಕು ಭಾಗ ಹೀರುತ್ತದೆ; ಹೊರಸೂಸುವ ಸಾಮರ್ಥ್ಯ ಮಾತ್ರ ಬಿಳಿ ಬಣ್ಣದ ಒಂಬತ್ತನೆಯ ಒಂದರಷ್ಟು. ಮಧ್ಯಾಹ್ನ ಕಾರಿನ ಕ್ರೋಮ್ ಹಿಡಿಕೆ ಕೈ ಸುಡುವುದಕ್ಕೆ ಇದೊಂದು ಕಾರಣ.

ಮೇಲೆ ಗಾಜಿನ ಹನಿಯಂತೆ ಉಬ್ಬಿದ ಡೋಮ್ ಸ್ಟಿಕ್ಕರುಗಳ ಕಥೆಯೂ ಇಷ್ಟೇ. ಎಪಾಕ್ಸಿಯಿಂದ ಮಾಡಿದವು ನೇರಳಾತೀತ ಕಿರಣಕ್ಕೆ ಹಳದಿಯಾಗುತ್ತವೆ. ಉತ್ತಮ ಪಾಲಿಯುರಿಥೇನ್ ಹೆಚ್ಚು ಕಾಲ ತಾಳುತ್ತದೆ. ಇವೆರಡೂ ದೂಳಿನಲ್ಲಿರುವ ಸ್ಫಟಿಕ ಶಿಲೆಯ ಕಣಗಳಿಗಿಂತ ಮೃದು. ಒಣ ಬಟ್ಟೆಯಿಂದ ಒರೆಸಿದಿರೋ, ಅದೇ ಉಜ್ಜುಕಾಗದ. ಮೊದಲು ನೀರು ಹೊಯ್ಯಿರಿ. ಕನ್ನಡಿ ಮೆರುಗಿನ ಮೇಲೆ ಒಂದು ಗೀರು ಬಿದ್ದರೂ ಎದ್ದು ಕಾಣುತ್ತದೆ. ಗೆರೆ ಎಳೆದ ಮೆರುಗಿನಲ್ಲಿ ಅದು ಸಾವಿರ ಗೆರೆಗಳ ನಡುವೆ ಒಂದಾಗಿ ಮರೆಯಾಗುತ್ತದೆ.

ಬೆಲೆಪಟ್ಟಿಯಲ್ಲಿಲ್ಲದ ಬೆಲೆ

ಮೂರನೆಯ ಒರೆಗಲ್ಲೇ ಮುಖ್ಯವಾದುದು. ಸಾಂಪ್ರದಾಯಿಕ ಕ್ರೋಮ್ ತೊಟ್ಟಿಯಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ. ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ನಿಶ್ಚಿತವಾಗಿರುವ ವಸ್ತುಗಳ ಸಾಲಿನಲ್ಲಿ ಅದಿದೆ. ತೊಟ್ಟಿಯ ಮಂಜನ್ನು ಉಸಿರಾಡುವ ಕೆಲಸಗಾರರ ಮೂಗಿನ ನಡುಗೋಡೆಯಲ್ಲಿ ಹುಣ್ಣು, ರಂಧ್ರ ಆಗುವುದು ವೈದ್ಯಕೀಯದಲ್ಲಿ ಹಳೆಯ ಸಂಗತಿ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಲೇಪನದ ಘಟಕಗಳು ಹೆಚ್ಚಿರುವ ಬೆಂಗಳೂರಿನ ಪೀಣ್ಯದಲ್ಲಿ ಅಂತರ್ಜಲಕ್ಕೆ ಕ್ರೋಮಿಯಂ ಸೇರಿರುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಯುರೋಪಿನ ಒಕ್ಕೂಟದಲ್ಲಿ 2017ರ ಸೆಪ್ಟೆಂಬರ್ 21ರಿಂದ ವಿಶೇಷ ಅನುಮತಿಯಿಲ್ಲದೆ ಕ್ರೋಮಿಯಂ ಟ್ರೈಆಕ್ಸೈಡ್ ಬಳಸುವಂತಿಲ್ಲ. ಮೂರು ವೇಲೆನ್ಸಿಯ ಕ್ರೋಮಿಯಂ ದ್ರಾವಣ ಬಹುಮಟ್ಟಿಗೆ ಸುರಕ್ಷಿತವಾದ ಪರ್ಯಾಯ. ಅದರ ಛಾಯೆ ತುಸು ಬೇರೆ, ಅಷ್ಟೆ. ಕೂಡ್ಲಿಗಿಯ ಕಾರಿನ ಮೇಲೆ ಒಂದು ಹೆಸರು ಮಿನುಗಲು ಎಲ್ಲೋ ಒಬ್ಬರ ಕೊಳವೆಬಾವಿ ಕೆಡಬೇಕೇ?

ಹಾಗಾದರೆ ಯಾವುದು?

ನ್ಯಾಯವಾಗಿ ಹೇಳಬೇಕೆಂದರೆ, ಲೋಹದ ತಳದ ಮೇಲೆ ಸಾಕಷ್ಟು ದಪ್ಪ ನಿಕಲ್ ಕೊಟ್ಟು, ತ್ಯಾಜ್ಯವನ್ನು ಶುದ್ಧೀಕರಿಸುವ ಘಟಕದಲ್ಲಿ ಮಾಡಿದ ಕ್ರೋಮ್ ಗಟ್ಟಿಯಾದ, ಸುಲಭವಾಗಿ ತೊಳೆಯಬಹುದಾದ ಮೆರುಗು. ಕ್ರೋಮಿಯಂ ಧಾತುವಿನ ಮೇಲೆಯೇ ನನಗೆ ಆಕ್ಷೇಪವಿಲ್ಲ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಅದು ಸುಮಾರು ಶೇ. 18ರಷ್ಟಿದ್ದು, ಲೋಹದೊಳಗೆ ಬೆರೆತೇ ತುಕ್ಕನ್ನು ತಡೆಯುತ್ತದೆ. ಅಲ್ಲಿ ಸುಲಿಯಲು ಲೇಪನವೇ ಇಲ್ಲ.

ಆದ್ದರಿಂದ ಕೂಡ್ಲಿಗಿ ಸೀಮೆಗೆ ನನ್ನ ಮೊದಲ ಆಯ್ಕೆ ಗೆರೆ ಎಳೆದ ಸ್ಟೇನ್‌ಲೆಸ್ ಸ್ಟೀಲಿನ ತಗಡು, ಹಿಂದೆ ಮಂಕು ಕಪ್ಪಿನ ಫಲಕ. ಎರಡನೆಯದು ಆನೊಡೀಕರಿಸಿದ ಅಲ್ಯೂಮಿನಿಯಂ. ಅದರ ಆಕ್ಸೈಡ್ ಪದರ ಲೋಹದಿಂದಲೇ ಬೆಳೆದದ್ದು, ಅಂಟಿಸಿದ್ದಲ್ಲ. ಚಿನ್ನದ ಬಣ್ಣವೇ ಬೇಕೆನ್ನುವವರಿಗೆ ಹಿತ್ತಾಳೆಯಿದೆ. ಕೊರೆದ ತಗ್ಗಿಗೆ ಕಪ್ಪು ಎನಾಮಲ್ ತುಂಬಿಸಿ. ಕರಾವಳಿಗಿಂತ ಈ ಒಣ ಹವೆಯಲ್ಲಿ ಅದು ನಿಧಾನವಾಗಿ ಮಾಸುತ್ತದೆ, ಮಾಸಿದರೆ ಮನೆಯ ಹುಣಸೆಹಣ್ಣೇ ಸಾಕು. ರಾತ್ರಿಯಲ್ಲೂ ಕಾಣಬೇಕೆಂದರೆ ಅಂಗಡಿಯವರು 'ರೇಡಿಯಂ' ಎನ್ನುವ ಹಾಳೆ ಆಗುತ್ತದೆ. ಅದರಲ್ಲಿ ರೇಡಿಯಂ ಧಾತುವಿನ ಲವಲೇಶವೂ ಇಲ್ಲ. ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ಗಾಜಿನ ಸೂಕ್ಷ್ಮ ಮಣಿಗಳು ಅಥವಾ ಪಟ್ಟಕಗಳಿವೆ.

ಯಾವುದೇ ಇರಲಿ, ಪಾದಚಾರಿಗೆ ತಾಗುವಂಥ ಚೂಪು ಅಂಚು ಬೇಡ; ಕಾರಿನ ಮೈಗೆ ತೂತು ಕೊರೆದು ತುಕ್ಕಿಗೆ ದಾರಿ ಮಾಡುವುದೂ ಬೇಡ. ಹಣ ಕೊಡುವ ಮುನ್ನ ಮಾದರಿಯನ್ನು ಅಂಗಡಿಯ ಟ್ಯೂಬ್‌ಲೈಟಿನಿಂದ ಹೊರಗೆ ತನ್ನಿ. ಮಧ್ಯಾಹ್ನದ ಬಿಸಿಲಲ್ಲಿ ನಿಮ್ಮ ಕಾರಿನ ಮೇಲಿಟ್ಟು, ಹತ್ತು ಹೆಜ್ಜೆ ಹಿಂದೆ ಸರಿದು ಓದಲು ಯತ್ನಿಸಿ. ಓದಲು ಬಂದದ್ದನ್ನು ಆರಿಸಿ.