ಪ್ರಯೋಗಾಲಯಕ್ಕಿಂತ ಮೊದಲು ಬಂದ ಫೆಲೋಶಿಪ್

ಎಂಬೊ ಎಂದು ಎಲ್ಲರೂ ಕರೆಯುವ ಯುರೋಪಿಯನ್ ಮಾಲಿಕ್ಯುಲರ್ ಬಯಾಲಜಿ ಆರ್ಗನೈಸೇಷನ್‌ನ ಕಥೆ ಸಾಮಾನ್ಯವಾಗಿ 1962ರ ಜಿನೀವಾದಿಂದ ಶುರುವಾಗುತ್ತದೆ. ನೊಬೆಲ್ ಪಡೆದು ಮರಳುತ್ತಿದ್ದ ಜಾನ್ ಕೆಂಡ್ರೂ ಮತ್ತು ಜೇಮ್ಸ್ ವಾಟ್ಸನ್ ಅಲ್ಲಿ ಇಬ್ಬರು ಭೌತವಿಜ್ಞಾನಿಗಳನ್ನು ಕಂಡರು. ಒಬ್ಬರು ಸರ್ನ್ ಮುಖ್ಯಸ್ಥ ವಿಕ್ಟರ್ ವೈಸ್ಕಾಫ್. ಇನ್ನೊಬ್ಬರು ಕ್ಯೂಬಾ ಬಿಕ್ಕಟ್ಟಿಗೆ ಬೆದರಿ ಅಮೆರಿಕ ಬಿಟ್ಟು ಬಂದಿದ್ದ ಲಿಯೋ ಜಿಲಾರ್ಡ್. ಕಣಭೌತಶಾಸ್ತ್ರಕ್ಕೆ ಸರ್ನ್ ಇದ್ದಂತೆ ಜೀವಶಾಸ್ತ್ರಕ್ಕೂ ಒಂದು ದೊಡ್ಡ ಪ್ರಯೋಗಾಲಯ ಬೇಕು ಎಂಬ ಮಾತು ಅಲ್ಲಿ ಬಂತು.

ಮಾತು ಆಕರ್ಷಕ, ತರ್ಕ ಪೊಳ್ಳು. ಕಣವೇಗವರ್ಧಕ ಒಂದು ದೇಶದ ಬೊಕ್ಕಸಕ್ಕೆ ನಿಲುಕುವುದಿಲ್ಲ, ಹಾಗಾಗಿ ದೇಶಗಳು ಕೈಜೋಡಿಸಿದವು. ಬ್ಯಾಕ್ಟೀರಿಯಾ ಬೆಳೆಸುವ ಗಾಜಿನ ತಟ್ಟೆಗೆ ಯಾವ ಅಂತರರಾಷ್ಟ್ರೀಯ ಒಪ್ಪಂದ ಬೇಕು? ಅನೇಕ ಜೀವವಿಜ್ಞಾನಿಗಳೇ ಈ ಪ್ರಶ್ನೆ ಎತ್ತಿದರು. 1963ರಲ್ಲಿ ಇಟಲಿಯ ರವೆಲ್ಲೋದಲ್ಲಿ ಸೇರಿದವರು ಸಂಘವೊಂದನ್ನು ಕಟ್ಟಲು ಒಪ್ಪಿದರು, ಮ್ಯಾಕ್ಸ್ ಪೆರುಟ್ಜ್ ಅದರ ಮೊದಲ ಅಧ್ಯಕ್ಷರಾದರು. ಪ್ರಯೋಗಾಲಯ ಮಾತ್ರ ಹತ್ತು ವರ್ಷ ಕಾಗದದ ಮೇಲೆಯೇ ಉಳಿಯಿತು.

ನನ್ನ ಮಟ್ಟಿಗೆ ಆ ವಿಳಂಬವೇ ಎಂಬೊದ ಅದೃಷ್ಟ. ಕಟ್ಟಡ ಕಟ್ಟಲಾಗದ ಸಂಸ್ಥೆ ಫೋಕ್ಸ್‌ವಾಗನ್ ಪ್ರತಿಷ್ಠಾನ ಕೊಟ್ಟ ಹಣದಲ್ಲಿ ಫೆಲೋಶಿಪ್ ಕೊಟ್ಟು ಜನರನ್ನು ಓಡಾಡಿಸಲು ಹೊರಟಿತು. ಫೆಲೋಶಿಪ್‌ನ ಷರತ್ತು ಸರಳ: ಗಡಿ ದಾಟಬೇಕು. ಅಲ್ಪಾವಧಿಯದಂತೂ ಇನ್ನೂ ಜಾಣತನದ್ದು. ಬೇರೆ ದೇಶದ ಲ್ಯಾಬಿನಲ್ಲಿ ಕೆಲವು ವಾರ ಕೂತು, ಯಾವುದೋ ಒಂದು ತಂತ್ರವನ್ನು ಕೈಯಾರೆ ಮಾಡಿ ಕಲಿತು, ವಾಪಸು ಬಂದು ತನ್ನವರಿಗೆ ಕಲಿಸುವುದು. ಪ್ರಬಂಧ ಓದಿ ಪ್ರಯೋಗ ಮಾಡಲು ಹೋಗಿ ಕೈಸುಟ್ಟುಕೊಂಡವರಿಗೆ ಇದರ ಬೆಲೆ ಗೊತ್ತು. 1969ರಲ್ಲಿ ಸರ್ಕಾರಗಳೇ ಒಂದು ಮಂಡಳಿ ಮಾಡಿಕೊಂಡು ಖರ್ಚು ಹೊತ್ತವು.

ಪ್ರಯೋಗಾಲಯವೂ ಕೊನೆಗೆ ಬಂತು. 1974ರಲ್ಲಿ, ಎಂಬೊದಿಂದ ಬೇರೆಯಾದ ಸಂಸ್ಥೆಯಾಗಿ, ಇಎಂಬಿಎಲ್ ಎಂಬ ಹೆಸರಿನಲ್ಲಿ ಹುಟ್ಟಿ ಹೈಡೆಲ್‌ಬರ್ಗ್‌ನಲ್ಲಿ ನೆಲೆಯೂರಿತು. ಕೆಂಡ್ರೂ ಅದರ ಮೊದಲ ನಿರ್ದೇಶಕರು. ತಮಾಷೆಯೆಂದರೆ ಅಲ್ಲಿ ನಡೆದ ಅತಿ ಪ್ರಸಿದ್ಧ ಕೆಲಸಕ್ಕೆ ದುಬಾರಿ ಯಂತ್ರವೇ ಬೇಕಾಗಲಿಲ್ಲ. ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವೀಷಾಸ್ ಇಬ್ಬರೂ ಒಟ್ಟಿಗೆ ನೋಡಬಹುದಾದ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಹಣ್ಣುನೊಣದ ಭ್ರೂಣಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಯಾವುದರಲ್ಲಿ ದೇಹದ ಖಂಡ ತಪ್ಪಿದೆ, ಯಾವುದರಲ್ಲಿ ಪಟ್ಟೆ ತಿರುಗಿದೆ ಎಂದು ಅಲ್ಲೇ ಚರ್ಚಿಸಿ ಗುರುತು ಹಾಕಿಕೊಂಡರು. 1980ರಲ್ಲಿ ಅವರು ಪ್ರಕಟಿಸಿದ ಹದಿನೈದು ಜೀನುಗಳ ಪಟ್ಟಿ 1995ರ ನೊಬೆಲ್‌ಗೆ ದಾರಿಯಾಯಿತು. ಬೇಕಾದದ್ದು ಸಾವಿರಾರು ನೊಣಗಳು, ತಾಳ್ಮೆ, ಮತ್ತು ಹೊಸಬರಿಬ್ಬರನ್ನು ನಂಬಿ ಜಾಗ ಕೊಟ್ಟ ಸಂಸ್ಥೆ. ಹಾಗಂತ ಪ್ರಯೋಗಾಲಯ ದಂಡವಲ್ಲ. ಜಾಕ್ ದುಬೋಷೆ ನೀರನ್ನು ಗಾಜಿನಂತೆ ಹೆಪ್ಪುಗಟ್ಟಿಸಿ ಅಣುಗಳನ್ನು ನೋಡುವ ವಿಧಾನವನ್ನು ರೂಪಿಸಿದ್ದೂ ಅಲ್ಲೇ.

ತಕರಾರು ಇರುವುದು ಎಂಬೊದ 'ಅಂತರರಾಷ್ಟ್ರೀಯ' ಎಂಬ ಹಣೆಪಟ್ಟಿಯ ಬಗ್ಗೆ. ಶೀತಲ ಸಮರ ಮುಗಿಯುವವರೆಗೆ ಇದು ಬಹುಪಾಲು ಪಶ್ಚಿಮ ಯುರೋಪಿನ ಒಳಬಳಗ. ಭಾರತ ಸಹಸದಸ್ಯ ದೇಶವಾದದ್ದು 2016ರಲ್ಲಿ. ಬೆಂಗಳೂರಿನ ಲ್ಯಾಬುಗಳಲ್ಲಿ ಈಗ ಎಂಬೊ ಫೆಲೋಶಿಪ್ ಅಪರಿಚಿತವಲ್ಲ, ಆದರೆ ಸಂಸ್ಥೆಗೆ ಅಷ್ಟರಲ್ಲಿ ಐವತ್ತು ದಾಟಿತ್ತು.

ಸದಸ್ಯತ್ವದ ವಿಷಯ ಇನ್ನೂ ಬಿಗಿ. ಎರಡು ಸಾವಿರ ಮೀರಿದ ಈ ಬಳಗಕ್ಕೆ ಅರ್ಜಿ ಹಾಕುವಂತಿಲ್ಲ, ಒಳಗಿರುವವರೇ ಹೆಸರು ಸೂಚಿಸಿ ಮತ ಹಾಕಿ ಆರಿಸುತ್ತಾರೆ. ಇದೇ ಸಂಸ್ಥೆಯ ಪತ್ರಿಕೆ, 1982ರಲ್ಲಿ ಶುರುವಾದ 'ಎಂಬೊ ಜರ್ನಲ್', 2009ರಿಂದ ಪ್ರಬಂಧಗಳ ಜೊತೆಗೆ ಪರಿಶೀಲಕರು ಬರೆದ ಟೀಕೆಗಳನ್ನೂ ಲೇಖಕರ ಉತ್ತರಗಳನ್ನೂ ಪ್ರಕಟಿಸುತ್ತಿದೆ. ಪರಿಶೀಲಕರ ಹೆಸರಿರುವುದಿಲ್ಲ, ವಾದವಿರುತ್ತದೆ. ಒಂದು ಪ್ರಬಂಧವನ್ನು ಏಕೆ ಒಪ್ಪಿದರು ಎಂಬುದನ್ನು ಓದುಗರ ಮುಂದಿಡಲು ಅಂಜದವರು, ಒಬ್ಬ ವಿಜ್ಞಾನಿಯನ್ನು ಏಕೆ ಆರಿಸಿದರು, ಇನ್ನೊಬ್ಬರನ್ನು ಏಕೆ ಬಿಟ್ಟರು ಎಂಬ ಚರ್ಚೆಯನ್ನು ಮಾತ್ರ ಇಂದಿಗೂ ಒಳಗೇ ಇಟ್ಟುಕೊಂಡಿದ್ದಾರೆ.