ಪತ್ತೇದಾರಿ, ಅದ್ಭುತ, ಚರಿತ್ರೆ: ಈಚೆಗೆ ಓದಿದ ಕೆಲವು ಗ್ರಂಥಗಳ ವಿಚಾರ

ವಿಶ್ರಾಂತನಾಗಿ ದೋಣಿಮಲೈಯಲ್ಲಿ ಮಗನ ಮನೆಯಲ್ಲಿ ವಾಸಿಸುತ್ತಿರುವ ನನಗೆ ಗ್ರಂಥಪಠನವಲ್ಲದೆ ಬೇರೆ ಕಾಲಕ್ಷೇಪವಿಲ್ಲ. ಪಾಠಶಾಲೆಯಲ್ಲಿ ಕಾವ್ಯನಾಟಕಗಳನ್ನು ಓದಿ ಬೆಳೆದವನಾದುದರಿಂದ ಪತ್ತೇದಾರಿ ಕಾದಂಬರಿಗಳೆಂದರೆ ನನಗೆ ಮೊದಲಿನಿಂದಲೂ ತಾತ್ಸಾರ. ಈಗ ಅವುಗಳ ವಿಷಯವಾಗಿಯೇ ಬರೆಯಹೊರಟುದನ್ನು ಕಂಡು ನನ್ನ ಹಳೆಯ ಶಿಷ್ಯರು ನಗಬಹುದು. ನಗಲಿ. ಕಾರಣವನ್ನು ಮುಚ್ಚುಮರೆಯಿಲ್ಲದೆ ಅರಿಕೆಮಾಡುತ್ತೇನೆ.

ಸುಮಾರು ಮೂವತ್ತು ವರ್ಷಗಳ ಕೆಳಗೆ ನಾನು ಶಬ್ದರೂಪಗಳನ್ನು ಹೇಳಿಸುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬನು ವ್ಯಾಕರಣಪುಸ್ತಕದೊಳಗೆ ಇಂಥದೊಂದು ಕಾದಂಬರಿಯನ್ನಿಟ್ಟುಕೊಂಡು ಓದುತ್ತಿದ್ದನು. ನಾನು ಅದನ್ನು ಕಿತ್ತುಕೊಂಡು ಕಡೆಯ ಹತ್ತು ಹನ್ನೆರಡು ಹಾಳೆಗಳನ್ನು ಅವನೆದುರಿಗೇ ಹರಿದುಹಾಕಿದೆನು. ಕಳೆದ ದೀಪಾವಳಿಯಲ್ಲಿ ಆತನು ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಎದುರಾದನು. ಈಗ ಗೃಹಸ್ಥ, ಇಬ್ಬರು ಮಕ್ಕಳ ತಂದೆ. ಕಾಲಿಗೆ ನಮಸ್ಕರಿಸಿ ಕ್ಷೇಮಸಮಾಚಾರವನ್ನು ಕೇಳಿದ ತರುವಾಯ, "ಮೇಷ್ಟ್ರೇ, ಕೊಲೆಮಾಡಿದವನು ಯಾರೆಂಬುದು ನನಗೆ ಇಂದಿಗೂ ತಿಳಿಯಲಿಲ್ಲ" ಎಂದನು. ಅವನು ನಗುತ್ತಲೇ ಆಡಿದ ಮಾತು. ಆದರೆ ನನಗೆ ನಗು ಬರಲಿಲ್ಲ. ಓದುತ್ತಿದ್ದವನ ಕೈಯಿಂದ ಕಥೆಯ ಕೊನೆಯನ್ನು ಕಸಿದುಕೊಂಡ ನಾನು ಆ ಜಾತಿಯ ಒಂದು ಪುಸ್ತಕವನ್ನಾದರೂ ಆದ್ಯಂತವಾಗಿ ಓದಿದವನಲ್ಲ. ಓದದೆ ತೀರ್ಪು ಹೇಳುವುದು ನ್ಯಾಯವೇ?

ಆದಕಾರಣ ಮೊದಲು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದ ಪ್ರಾರಂಭಿಸಿದೆನು. 1952ರಲ್ಲಿ ಈ ಪತ್ತೇದಾರನನ್ನು ಕನ್ನಡಿಗರ ಮುಂದೆ ನಿಲ್ಲಿಸಿದ ನರಸಿಂಹಯ್ಯನವರು ಶಾಲೆಯಲ್ಲಿ ಕಲಿತುದು ಬಹಳ ಅಲ್ಪ. ಬರೆದುದು ಐನೂರಕ್ಕೂ ಮಿಕ್ಕ ಕಾದಂಬರಿಗಳನ್ನು. ಶೈಲಿಯಲ್ಲಿ ಬೆಡಗಿಲ್ಲ, ಪಾತ್ರಗಳಿಗೆ ಆಳವಿಲ್ಲ, ಒಳ್ಳೆಯವನು ಒಳ್ಳೆಯವನೇ, ಕೆಟ್ಟವನು ಕೆಟ್ಟವನೇ. ಇವೆಲ್ಲ ದೋಷಗಳೇ ಸರಿ. ಆದರೆ ವಾಕ್ಯವು ಓದುಗನನ್ನು ಎಲ್ಲಿಯೂ ತಡೆಯುವುದಿಲ್ಲ. ದೊಡ್ಡ ದೊಡ್ಡ ಪಂಡಿತರ ಗ್ರಂಥಗಳು ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದಾಗ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯ ಮುಂದೆ ಜನರು ನಿಲ್ಲುವಂತೆ ಮಾಡಿದುದು ಇಂಥ ಬರವಣಿಗೆಯೇ. ಅಕ್ಷರ ಬಲ್ಲವನು ಓದುಗನಾಗುವುದು ಬೇರೆ ಸಂಗತಿ. ಅದು ನಮ್ಮ ವ್ಯಾಕರಣಪಾಠದಿಂದ ಆಗಲಿಲ್ಲವೆಂಬುದನ್ನು ನಾನು ಒಪ್ಪಿಕೊಳ್ಳಲೇಬೇಕು.

ತರುವಾಯ ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್' (1994) ಕೈಗೆ ಬಂದಿತು. ಇದು ಬೇರೆಯೇ ಮಟ್ಟದ ಕೃತಿ. ಏಲಕ್ಕಿ ಬೆಳೆಯುವ ಸಾಧಾರಣ ದಂಪತಿಗಳಾದ ಸುರೇಶ ಗೌರಿಯರು ಒಂದು ಹಗಲು ಒಂದು ರಾತ್ರಿಯೊಳಗೆ ತಮಗೇ ಅರಿಯದ ಸಂಚಿನಲ್ಲಿ ಸಿಕ್ಕಿಕೊಳ್ಳುವ ಕಥೆ. ಹಳೆಯ ಕಾವ್ಯವೊಂದರ ಪದ್ಯಗಳಲ್ಲಿ ರತ್ನದ ಗುಟ್ಟು ಅಡಗಿದೆಯೆಂಬ ಭಾಗವನ್ನು ಓದುವಾಗ ನನಗಾದ ಸಂತೋಷವನ್ನು ಏನೆಂದು ಹೇಳಲಿ! ಜೀವಮಾನವೆಲ್ಲ ಅನ್ವಯಾರ್ಥ, ಶ್ಲೇಷೆ, ಪ್ರಹೇಳಿಕೆಗಳೆಂದು ಕಾಲ ಕಳೆದವನಿಗೆ ಆ ವಿದ್ಯೆಯು ಕಾಡಿನ ಕಳ್ಳರ ಕಥೆಯಲ್ಲಿ ಪ್ರಯೋಜನಕ್ಕೆ ಬಂದುದನ್ನು ನೋಡುವುದೇ ಒಂದು ವಿನೋದ. ಒಂದು ಆಕ್ಷೇಪವುಂಟು: ಘಟನೆಗಳ ವೇಗದಲ್ಲಿ ಗೌರಿಯ ಮನಸ್ಸಿನೊಳಗೆ ಇಣಿಕಿ ನೋಡಲು ಗ್ರಂಥಕರ್ತರಿಗೆ ಬಿಡುವಾಗಿಲ್ಲ.

ಹೀಗೆ ಓದುತ್ತಿರುವಾಗ ನನಗೆ ಹೊಳೆದ ಸಂಗತಿಯೇನೆಂದರೆ, ನಾನು ಹೊಸದೆಂದು ಹೀಗಳೆದುದು ನಮ್ಮ ಮನೆಯ ಹಳೆಯ ಸೊತ್ತೇ. 'ಮೃಚ್ಛಕಟಿಕ'ದ ಶರ್ವಿಲಕನು ಗೋಡೆಗೆ ಕನ್ನ ಕೊರೆಯುವ ಮುನ್ನ ಅದು ಯಾವ ಆಕಾರದ್ದಾಗಿರಬೇಕೆಂದು ಶಾಸ್ತ್ರವಿಚಾರ ಮಾಡುತ್ತಾನೆ. ಅಳತೆದಾರ ಮರೆತುಬಂದುದರಿಂದ ಯಜ್ಞೋಪವೀತವನ್ನೇ ಅಳತೆಗೆ ಉಪಯೋಗಿಸುತ್ತಾನೆ. ವಿಶಾಖದತ್ತನ 'ಮುದ್ರಾರಾಕ್ಷಸ'ವಂತೂ ಮೊದಲಿನಿಂದ ಕಡೆಯವರೆಗೆ ಗೂಢಚಾರರ ಕಥೆ: ಯಮಪಟವನ್ನು ತೋರಿಸುತ್ತ ತಿರುಗುವ ಚಾರನ ಕೈಗೆ ಸಿಕ್ಕಿದ ಒಂದು ಮುದ್ರೆಯುಂಗುರ, ಅದರಿಂದ ಮುದ್ರಿತವಾದ ಒಂದು ಕಪಟಲೇಖ, ಇವೆರಡರ ಮೇಲೆ ಒಂದು ರಾಜ್ಯದ ಅಳಿವು ಉಳಿವು ನಿಂತಿದೆ. ಈ ಕಥಾವಸ್ತುವನ್ನೇ ಕೆಂಪುನಾರಾಯಣನು 1823ರಲ್ಲಿ 'ಮುದ್ರಾಮಂಜೂಷ'ವೆಂಬ ಕನ್ನಡ ಗದ್ಯಗ್ರಂಥವಾಗಿ ವಿಸ್ತರಿಸಿದನು. ಹೊಸಗನ್ನಡ ಗದ್ಯದ ಹೊಸ್ತಿಲಲ್ಲಿ ನಿಂತಿರುವುದು ಒಂದು ಪತ್ತೇದಾರಿಯೇ ಎಂದರೆ ಅತಿಶಯೋಕ್ತಿಯಾಗಲಾರದು. ನಾನು ಈ ನಾಟಕವನ್ನು ಎಷ್ಟು ಸಲ ಪಾಠ ಹೇಳಿದ್ದೇನೆ! ಸಂಧಿಗಳನ್ನು ಬಿಡಿಸಿ ತೋರಿಸಿದೆನೇ ಹೊರತು ಸಂಚನ್ನು ಬಿಡಿಸಿ ತೋರಿಸಲಿಲ್ಲ.

ಅದ್ಭುತಕಥೆಗಳ ಮಾತು ಚಿಕ್ಕದು. ನನ್ನ ಮೊಮ್ಮಗಳು ರೌಲಿಂಗ್ ಎಂಬ ಆಂಗ್ಲ ಲೇಖಿಕೆಯ ಮಂತ್ರವಿದ್ಯಾಶಾಲೆಯ ಕಥೆಯನ್ನು ನನಗೆ ಸಂಜೆಯ ಹೊತ್ತು ಕನ್ನಡದಲ್ಲಿ ಹೇಳಿದಳು. ಅಲ್ಲಿ ಮಂತ್ರಕ್ಕೂ ಪಾಠಪಟ್ಟಿಯಿದೆ, ಪರೀಕ್ಷೆಯಿದೆ, ತಪ್ಪಿದರೆ ಶಿಕ್ಷೆಯಿದೆ ಎಂದು ಕೇಳಿ ನಿವೃತ್ತ ಉಪಾಧ್ಯಾಯನಿಗೆ ಸಮಾಧಾನವಾಯಿತು. ಅದ್ಭುತಕ್ಕೂ ಒಂದು ನಿಯಮ ಬೇಕು. ದೇವುಡು ನರಸಿಂಹಶಾಸ್ತ್ರಿಗಳ 'ಮಹಾಕ್ಷತ್ರಿಯ'ವನ್ನು ಇದರ ಜೊತೆಗೇ ಓದಿದೆನು. ನಹುಷನೆಂಬ ಮರ್ತ್ಯನು ಇಂದ್ರಪದವಿಗೇರುವ ಈ ಕಥೆಯಲ್ಲಿ ದೇವಲೋಕವೇ ಕಣ್ಣೆದುರಿಗೆ ಬರುತ್ತದೆ. ಆದರೆ ಯಾವುದೂ ಬಿಟ್ಟಿಯಾಗಿ ಸಿಕ್ಕುವುದಿಲ್ಲ, ಪ್ರತಿಯೊಂದು ಸಿದ್ಧಿಗೂ ತಪಸ್ಸಿನ ಬೆಲೆಯುಂಟು. ಮಧ್ಯೆ ಮಧ್ಯೆ ಸಂಭಾಷಣೆಯು ವೇದಾಂತೋಪನ್ಯಾಸವಾಗಿ ಬೆಳೆಯುವುದು ನನ್ನಂಥವನಿಗೆ ಹಿತವಾದರೂ ಮೊಮ್ಮಗಳು ಆಕಳಿಸಿದಳೆಂಬುದನ್ನು ಮರೆಮಾಚಲಾರೆ.

ಇನ್ನು ಚರಿತ್ರೆ. ಇಲ್ಲಿಯೇ ನನ್ನ ಮನಸ್ಸಿಗೆ ತೊಡಕು. ಪತ್ತೇದಾರಿಯ ಲೇಖಕನು ಓದುಗನಿಗೆ ಲೆಕ್ಕವೊಪ್ಪಿಸಬೇಕು. ಮೊದಲ ಅಧ್ಯಾಯದಲ್ಲಿ ಕಂಡ ಚೂರಿಗೆ ಕಡೆಯಲ್ಲಿ ಉತ್ತರ ಹೇಳದಿದ್ದರೆ ಓದುಗನು ಬಿಡುವುದಿಲ್ಲ. ಅದ್ಭುತದ ಲೇಖಕನು ಇದು ಕಲ್ಪನೆಯೆಂದು ಬಾಗಿಲಲ್ಲಿಯೇ ಹೇಳಿ ಒಳಗೆ ಕರೆಯುತ್ತಾನೆ. ಐತಿಹಾಸಿಕ ಕಾದಂಬರಿಕಾರನು ಮಾತ್ರ ನಿಜವಾದ ಹೆಸರು, ನಿಜವಾದ ಕೋಟೆ, ನಿಜವಾದ ತೇದಿಗಳ ನಡುವೆ ತನ್ನ ಕಲ್ಪನೆಯನ್ನು ಸೇರಿಸಿ, ಗೆರೆಯೆಲ್ಲಿದೆಯೆಂದು ತೋರಿಸದೆ ಹೋಗುತ್ತಾನೆ.

ಗಳಗನಾಥರ 'ಮಾಧವ ಕರುಣಾವಿಲಾಸ'ವನ್ನು ಯೌವನದಲ್ಲಿ ಓದಿ ಕಣ್ಣೀರಿಟ್ಟವನು ನಾನು. ವಿದ್ಯಾರಣ್ಯರನ್ನೂ ವಿಜಯನಗರದ ಸ್ಥಾಪನೆಯನ್ನೂ ಕುರಿತ ಆ ಗ್ರಂಥದ ಓಜಸ್ವಿಯಾದ ವಾಕ್ಯಗಳು ಈಗಲೂ ರೋಮಾಂಚನವನ್ನುಂಟುಮಾಡುತ್ತವೆ. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಮನೆಮನೆಗೆ ತಿರುಗಿ ಮಾರಿದ ಆ ಮಹನೀಯರ ಋಣವು ಕನ್ನಡದ ಮೇಲೆ ದೊಡ್ಡದು. ಆದರೆ ಈಗ ಎರಡನೆಯ ಸಲ ಓದುವಾಗ ಇದು ಸಾಕ್ಷ್ಯವೋ ಭಕ್ತಿಯೋ ಎಂಬ ಪ್ರಶ್ನೆ ಪುಟಪುಟಕ್ಕೂ ಎದ್ದಿತು. ತ.ರಾ.ಸು. ಅವರ 'ದುರ್ಗಾಸ್ತಮಾನ' (1982) ಇದಕ್ಕಿಂತ ಎಚ್ಚರದ ಕೃತಿಯೆಂದು ನನ್ನ ಅಭಿಪ್ರಾಯ. ಪತ್ತೇದಾರಿಯಲ್ಲಿ ಕೊನೆಯನ್ನು ಬಚ್ಚಿಡುವುದೇ ಕೌಶಲ. ಇಲ್ಲಿ ಕೊನೆಯು ಹೆಸರಿನಲ್ಲಿಯೇ ಇದೆ. 1779ರಲ್ಲಿ ಚಿತ್ರದುರ್ಗವು ಹೈದರಾಲಿಯ ವಶವಾಗುವುದೆಂದು ಬಲ್ಲ ಓದುಗನು, ಮದಕರಿನಾಯಕನು ಹೇಗಾದರೂ ಉಳಿಯಲಿ ಎಂದು ಹಾರೈಸುತ್ತ ಪುಟ ತಿರುಗಿಸುವನು. ಗ್ರಂಥದ ಗಾತ್ರವನ್ನು ಸ್ವಲ್ಪ ಇಳಿಸಬಹುದಾಗಿತ್ತು.

ನಮ್ಮ ಸೀಮೆಯ ಮಾತಿಗೆ ಬರೋಣ. ಕಂಪಿಲಿಯ ಕುಮಾರರಾಮನ ಕಥೆಯನ್ನು ಅರಿಯದವರು ಈ ಭಾಗದಲ್ಲಿ ಯಾರಿದ್ದಾರೆ? ಮಲತಾಯಿ ರತ್ನಾಜಿಯು ಮೋಹಿಸಿದಳು, ರಾಮನು ಒಲ್ಲೆನೆಂದನು, ಅವಳು ಸುಳ್ಳುದೂರು ಹೇಳಿದಳು, ತಂದೆಯು ತಲೆ ಕಡಿಯಲು ಅಪ್ಪಣೆಯಿತ್ತನು, ಮಂತ್ರಿ ಬೈಚಪ್ಪನು ಅವನನ್ನು ನೆಲಮಾಳಿಗೆಯಲ್ಲಿ ಅಡಗಿಸಿ ಬೇರೊಂದು ತಲೆಯನ್ನು ತೋರಿಸಿದನು. ಪುರುಷೋತ್ತಮನನ್ನು ಓದಿಬಂದವನಿಗೆ ಈ ತಲೆ ಬದಲಾಯಿಸುವ ಯುಕ್ತಿಯು ಪರಿಚಿತವೆಂದು ತೋರುತ್ತದೆ! ನಂಜುಂಡಕವಿಯು ಸಾಂಗತ್ಯದಲ್ಲಿ ಹಾಡಿದ ಈ ಕಥೆ ರಸವತ್ತಾದುದೇ. ಆದರೆ ಅಶೋಕನ ಮಗನಾದ ಕುಣಾಲನಿಗೂ ತಿಷ್ಯರಕ್ಷಿತೆಗೂ ಇದೇ ಕಥೆ. ತೆಲುಗರ ಸಾರಂಗಧರನಿಗೂ ಇದೇ ಕಥೆ. ಗ್ರೀಕರ ಹಿಪ್ಪೊಲಿಟಸ್ಸನಿಗೂ ಇದೇ. ಇಷ್ಟು ದೇಶಗಳಲ್ಲಿ ಇಷ್ಟು ರಾಜಕುಮಾರರಿಗೆ ಒಂದೇ ವಿಪತ್ತು ಬಂದಿತೆಂದು ಯಾವ ಪತ್ತೇದಾರನೂ ನಂಬಲಾರನು.

ನಂಬಬಹುದಾದುದು ಮತ್ತೊಂದಿದೆ. 1334ರಲ್ಲಿ ದೆಹಲಿಗೆ ಬಂದ ಇಬ್ನ್ ಬತೂತನ ಪ್ರವಾಸಕಥನದಲ್ಲಿ ಕಂಪಿಲಿಯ ಪ್ರಸ್ತಾಪವುಂಟು. ಮಹಮ್ಮದ್ ಬಿನ್ ತುಘಲಕನಿಗೆ ವಿಧೇಯನಾಗಲೊಲ್ಲದ ಅವನ ಬಂಧು ಬಹಾವುದ್ದೀನನು ಸೋತು ಓಡಿ ಕಂಪಿಲರಾಯನನ್ನು ಆಶ್ರಯಿಸಿದನು. ದೆಹಲಿಯ ಸೇನೆಯು ಬೆನ್ನಟ್ಟಿ ಬಂದು ಮುತ್ತಿಗೆ ಹಾಕಿತು, ಧಾನ್ಯ ಮುಗಿಯಿತು. ರಾಯನು ಅತಿಥಿಯನ್ನು ಒಪ್ಪಿಸಿ ತಾನು ಉಳಿಯಬಹುದಾಗಿತ್ತು. ಹಾಗೆ ಮಾಡದೆ ಅವನನ್ನು ಬೇರೊಬ್ಬ ಅರಸನ ಬಳಿಗೆ ಕಳುಹಿಸಿ, ಅಂತಃಪುರದ ಸ್ತ್ರೀಯರು ಅಗ್ನಿಪ್ರವೇಶ ಮಾಡಿದ ಮೇಲೆ ತಾನು ಹೊರಬಿದ್ದು ಹೋರಾಡಿ ಮಡಿದನು. ಇದು 1327ರ ಸುಮಾರಿನ ಮಾತು. ಇಬ್ನ್ ಬತೂತನು ಇದನ್ನು ಕಣ್ಣಾರೆ ಕಂಡವನಲ್ಲ, ನಿಜ. ಆದರೆ ಸೆರೆಸಿಕ್ಕಿ ಮತಾಂತರಹೊಂದಿದ ರಾಯನ ಮಕ್ಕಳಲ್ಲಿ ಕೆಲವರ ಪರಿಚಯ ತನಗಿತ್ತೆಂದು ಹೇಳುತ್ತಾನೆ. ಅನ್ಯಧರ್ಮದ, ಅನ್ಯದೇಶದ, ಸೋತು ಬಂದ ಒಬ್ಬನಿಗಾಗಿ ಇಡೀ ರಾಜ್ಯವನ್ನು ಕಳೆದುಕೊಂಡ ಅರಸನ ಮುಂದೆ ಮಲತಾಯಿಯ ಮೋಹದ ಕಥೆ ಎಷ್ಟರದು? ರಾಕ್ಷಸನ ಹೆಂಡತಿಮಕ್ಕಳನ್ನು ಒಪ್ಪಿಸೆಂದರೆ ಪ್ರಾಣವನ್ನಾದರೂ ಕೊಡುವೆನೆಂದ 'ಮುದ್ರಾರಾಕ್ಷಸ'ದ ಚಂದನದಾಸನು ನೆನಪಿಗೆ ಬರುತ್ತಾನೆ. ಇಷ್ಟು ದೊಡ್ಡ ವಸ್ತುವು ಕಂಪಿಲಿಯಲ್ಲಿ ಬಿದ್ದಿರುವಾಗ ನಾವು ಅದನ್ನು ಬಿಟ್ಟು ರತ್ನಾಜಿಯನ್ನು ಹಿಡಿದುಕೊಂಡೆವು.

ಕಡೆಯದಾಗಿ ರಾಬರ್ಟ್ ಸ್ಯೂಯೆಲ್ ಸಾಹೇಬರು 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸ. ಅದರ ಸಾರವೆಲ್ಲ ಹಿಂಬದಿಯಲ್ಲಿ ಅಚ್ಚಾಗಿರುವ ಪೇಸ್ ಮತ್ತು ನೂನಿಜ್ ಎಂಬ ಇಬ್ಬರು ಪೋರ್ಚುಗೀಸರ ಬರಹಗಳಲ್ಲಿದೆ. ಹೊಸಪೇಟೆಯ ಬಳಿ ಗುಡ್ಡಗಳ ನಡುವೆ ಕೃಷ್ಣದೇವರಾಯನು ಕಟ್ಟಿಸಿದ ಕೆರೆಯ ಕೆಲಸವನ್ನು ಪೇಸ್ ಸ್ವತಃ ನೋಡಿದನು. ಹದಿನೈದು ಇಪ್ಪತ್ತು ಸಹಸ್ರ ಜನರು ಇರುವೆಗಳಂತೆ ಮುತ್ತಿದ್ದರಂತೆ. ಏರಿಯು ಎರಡು ಮೂರು ಸಲ ಒಡೆದಾಗ, ದೇವತೆಯು ಬಲಿಯನ್ನು ಕೇಳುತ್ತಿದೆಯೆಂಬ ಮಾತಿನ ಮೇರೆಗೆ ಅರಸನು ಅರುವತ್ತು ಜನರ ತಲೆಗಳನ್ನೂ ಕೆಲವು ಕುದುರೆ ಕೋಣಗಳನ್ನೂ ಕಡಿಸಿದನೆಂದು ಅವನು ಬರೆದಿದ್ದಾನೆ. ಅರಸನ ಮರಣಾನಂತರ ಬಂದ ನೂನಿಜ್‌ನು ಅದೇ ಕೆರೆಯೆಂದು ತೋರುವ ಕೆಲಸವನ್ನು ವರ್ಣಿಸುತ್ತ, ಕಡಿಸಿದುದು ಮರಣದಂಡನೆಗೆ ಅರ್ಹರಾದ ಸೆರೆಯಾಳುಗಳನ್ನು ಎನ್ನುತ್ತಾನೆ. ಇಬ್ಬರ ಸಾಕ್ಷ್ಯದಲ್ಲಿ ಈ ಭೇದವೇಕೆ? ಪೇಸನಿಗೆ ತಿಳಿಯದುದು ನೂನಿಜ್‌ನಿಗೆ ತಿಳಿದಿತ್ತೋ, ಅಥವಾ ಹದಿನೈದು ವರ್ಷಗಳಲ್ಲಿ ಜನರ ಬಾಯಲ್ಲಿ ಸತ್ತವರೆಲ್ಲ ಅಪರಾಧಿಗಳಾದರೋ? ನನಗೆ ಎರಡನೆಯದೇ ಸಂಭಾವ್ಯವೆಂದು ತೋರುತ್ತದೆ. ಸತ್ತವನ ಮೇಲೆ ತಪ್ಪು ಹೊರಿಸುವುದು ಬದುಕಿದವರಿಗೆ ಸುಲಭ.

ಈ ಎರಡು ಪುಟಗಳನ್ನು ನಾನು ಮೊದಲು ಓದಿದುದು ಈಚೆಗಲ್ಲ. ಕೆಲಸದಲ್ಲಿದ್ದಾಗಲೇ ಓದಿದ್ದೆನು. ವರ್ಷವರ್ಷವೂ ಮಕ್ಕಳನ್ನು ಹಂಪೆಗೆ ಕರೆದೊಯ್ದು ಆ ಅರಸನ ಸಾಹಿತ್ಯಪ್ರೇಮವನ್ನೂ ಕೆರೆಕಾಲುವೆಗಳನ್ನೂ ವರ್ಣಿಸಿದೆನು. ಅರುವತ್ತು ತಲೆಗಳ ಮಾತನ್ನು ಒಂದು ಸಲವೂ ಎತ್ತಲಿಲ್ಲ. ಅರಸನ ಹಿರಿಮೆಗೆ ಕುಂದುಬಂದೀತೆಂದು ಅಂಜಿದೆನು. ಆ ಹುಡುಗನ ಪುಸ್ತಕದಿಂದ ಹಾಳೆಗಳನ್ನು ಹರಿದ ಕೈಯೇ ಚರಿತ್ರೆಯಿಂದಲೂ ಹಾಳೆ ಹರಿದಿತ್ತು. ಕೆರೆ ಕಟ್ಟಿಸಿದುದೂ ನಿಜ, ಅದರ ನೀರು ತೋಟಗದ್ದೆಗಳಿಗೆ ಹರಿದುದೂ ನಿಜ. ತಲೆಗಳ ಮಾತನ್ನೂ ಅದರೊಡನೆಯೇ ಹೇಳಬೇಕಾಗಿತ್ತು. ಹತ್ತನೆಯ ತರಗತಿಯ ಮಕ್ಕಳು ಅದನ್ನು ತಾಳಲಾರದಷ್ಟು ಎಳೆಯರಾಗಿರಲಿಲ್ಲ.

ಆ ಶಿಷ್ಯನ ಪುಸ್ತಕದ ಹೆಸರು ಅವನಿಗೂ ನೆನಪಿಲ್ಲ, ನನಗೂ ಇಲ್ಲ. ರಕ್ಷಾಪುಟದ ಮೇಲೆ ಒಂದು ದೀಪಸ್ತಂಭದ ಚಿತ್ರವಿತ್ತೆಂದು ಮಾತ್ರ ಅವನು ಹೇಳಿದನು. ಹಳೆಯ ಪತ್ತೇದಾರಿ ಕಾದಂಬರಿಗಳ ಸಂಗ್ರಹವುಳ್ಳ ವಾಚಕರು ಯಾರಾದರೂ ಇದ್ದರೆ ಪತ್ರಿಕೆಯ ಮೂಲಕ ತಿಳಿಸಬೇಕಾಗಿ ಪ್ರಾರ್ಥನೆ. ಕಂಪಿಲಿ, ಕುಮ್ಮಟ, ಸೊಂಡೂರುಗಳ ಕಡೆಯಲ್ಲಿ ಕುಮಾರರಾಮನ ಹಾಡುಗಳನ್ನು ಬಲ್ಲ ಹಿರಿಯರಿದ್ದು, ಆ ಹಾಡುಗಳಲ್ಲಿ ಆಶ್ರಯ ಬೇಡಿ ಬಂದ ತುರುಕ ಸರದಾರನ ಪ್ರಸ್ತಾಪವು ಎಲ್ಲಿಯಾದರೂ ವಿಸ್ತಾರವಾಗಿ ಬರುವುದಾದರೆ ಅದನ್ನೂ ಬರೆದು ಕಳುಹಿಸಬೇಕು. ಅಂಚೆಯ ವೆಚ್ಚವನ್ನು ನಾನು ಕೊಡುವೆನು.